ಡಿಗ್ರಿ ಮುಗಿದ ಮೇಲೆ ಮೊಬೈಲ್ ಆಪ್ ಕೆಲಸ: ದಾವಣಗೆರೆಯ ಮನೆಯಿಂದಲೇ ಮೊದಲ ಆರು ತಿಂಗಳು

ಎಂಟನೇ ಸೆಮಿಸ್ಟರ್ ಫಲಿತಾಂಶ ಬಂದ ವಾರವೇ ಬ್ಯಾಗು ತುಂಬಿಕೊಂಡು ಬೆಂಗಳೂರಿನ ಪಿಜಿ ಸೇರುವುದು ಯುಬಿಡಿಟಿ, ಬಿಐಇಟಿ, ಜಿಎಂಐಟಿ ಇಂಜಿನಿಯರಿಂಗ್ ಕಾಲೇಜುಗಳ ಕಡೆಯ ಹುಡುಗ ಹುಡುಗಿಯರಲ್ಲಿ ರೂಢಿಯೇ ಆಗಿಬಿಟ್ಟಿದೆ. ಕ್ಯಾಂಪಸ್ಸಿನಲ್ಲಿ ಆಫರ್ ಸಿಕ್ಕವರು ಹೋಗಲೇಬೇಕು, ಆ ಮಾತು ಬೇರೆ. ಆಫರ್ ಇಲ್ಲದವರು, ಅದರಲ್ಲೂ ಮೊಬೈಲ್ ಆಪ್ ಕೆಲಸವೇ ಬೇಕು ಅನ್ನುವವರು, ಅಷ್ಟು ಅವಸರ ಪಡಬೇಕಿಲ್ಲ. ಅಲ್ಲಿ ಬಾಡಿಗೆ ಕಟ್ಟಿಕೊಂಡು ಕಲಿಯುವುದನ್ನು ಇಲ್ಲಿ ಮನೆ ಊಟ ಉಂಡುಕೊಂಡೇ ಕಲಿಯಬಹುದು. ಸಂದರ್ಶನಕ್ಕೆ ಕರೆ ಬಂದರೆ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಮೆಜೆಸ್ಟಿಕ್.

ಈ ಆರು ತಿಂಗಳಲ್ಲಿ ಗಳಿಸಬೇಕಾದದ್ದು ಸರ್ಟಿಫಿಕೇಟುಗಳ ಕಟ್ಟಲ್ಲ. ಪ್ಲೇ ಸ್ಟೋರ್‌ನಲ್ಲಿ ನಿಮ್ಮದೊಂದು ಆಪ್ ಇರಬೇಕು, ಅದನ್ನು ದಿನಾ ಬಳಸುವ ಒಬ್ಬರಾದರೂ ಇರಬೇಕು, ಅವರು ಬೈದದ್ದಕ್ಕೆ ನೀವು ಬಿಟ್ಟ ನಾಲ್ಕೈದು ಅಪ್‌ಡೇಟ್ ಇರಬೇಕು. ಆಪ್ ಬರೆಯುವುದು ಕೆಲಸದ ಅರ್ಧ ಮಾತ್ರ. ಬೇರೆಯವರ ಫೋನಿನಲ್ಲಿ ಅದು ಕೆಟ್ಟಾಗ ಏನು ಮಾಡುತ್ತೀರಿ ಅನ್ನುವುದು ಇನ್ನರ್ಧ. ಕಂಪನಿ ಸಂಬಳ ಕೊಡುವುದು ಎರಡನೆಯದಕ್ಕೇ ಹೆಚ್ಚು.

ಯಂತ್ರ ಮತ್ತು ಭಾಷೆ

ಲ್ಯಾಪ್‌ಟಾಪಿಗೆ 16 ಜಿಬಿ ಮೆಮೊರಿ ಮತ್ತು ಎಸ್‌ಎಸ್‌ಡಿ ಇದ್ದರೆ ಆಪ್ ಬರೆಯುವ ತಂತ್ರಾಂಶ ಆಂಡ್ರಾಯ್ಡ್ ಸ್ಟುಡಿಯೋ ನೆಮ್ಮದಿಯಾಗಿ ಓಡುತ್ತದೆ. ಕಾಲೇಜಿಗೆ ಕೊಡಿಸಿದ 8 ಜಿಬಿ ಯಂತ್ರವೇ ಇದ್ದರೆ ಮನೆಯಲ್ಲಿ ಹೊಸದು ಕೇಳುವ ಮುಂಚೆ ಒಳಗೆ ಖಾಲಿ ಸ್ಲಾಟ್ ಇದೆಯೇ ನೋಡಿಸಿ, ಇನ್ನೊಂದು 8 ಜಿಬಿ ಹಾಕಿಸಿದರೆ ಸಾಕು. ಅದೂ ಆಗದಿದ್ದರೆ ಎಮ್ಯುಲೇಟರ್ (ಲ್ಯಾಪ್‌ಟಾಪಿನ ಪರದೆಯಲ್ಲೇ ಓಡುವ ನಕಲಿ ಫೋನ್) ಮರೆತುಬಿಡಿ, ನಿಜವಾದ ಫೋನನ್ನೇ ಕೇಬಲ್ಲಿನಲ್ಲಿ ಜೋಡಿಸಿ ಓಡಿಸಿ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ. ಕೆಲವು ಫೋನುಗಳಲ್ಲಿ ಇದಲ್ಲದೆ ‘ಯುಎಸ್‌ಬಿ ಮೂಲಕ ಇನ್‌ಸ್ಟಾಲ್’ ಎಂಬ ಇನ್ನೊಂದು ಸ್ವಿಚ್ ಇರುತ್ತದೆ, ಅದು ಆನ್ ಆಗಬೇಕಾದರೆ ಸಿಮ್ ಹಾಕಿರಬೇಕು, ಆ ಕಂಪನಿಯ ಖಾತೆಗೆ ಲಾಗಿನ್ ಆಗಿರಬೇಕು. ಇಷ್ಟೆಲ್ಲ ಮಾಡಿಯೂ ಲ್ಯಾಪ್‌ಟಾಪಿಗೆ ಫೋನ್ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ. ರಸ್ತೆ ಬದಿಯಲ್ಲಿ ಸಿಗುವ ಅಗ್ಗದ ಕೇಬಲ್ಲುಗಳಲ್ಲಿ ಎಷ್ಟೋ ಚಾರ್ಜಿಂಗ್‌ಗೆ ಮಾತ್ರ, ಡೇಟಾ ತಂತಿಯೇ ಇರುವುದಿಲ್ಲ.

ಎಮ್ಯುಲೇಟರ್ ತೆವಳುತ್ತಿದ್ದರೆ ಮೆಮೊರಿಯನ್ನು ಬೈಯುವ ಮೊದಲು ಬಯಾಸ್‌ನಲ್ಲಿ (ಲ್ಯಾಪ್‌ಟಾಪ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ಸ್) ವರ್ಚುವಲೈಸೇಶನ್ ಆಫ್ ಆಗಿದೆಯೇ ನೋಡಿ. ಮನೆಯಲ್ಲಿ ಮೂಲೆ ಸೇರಿರುವ 3 ಜಿಬಿಯ ಹಳೆಯ ಫೋನ್ ಇದ್ದರೆ ಎತ್ತಿಟ್ಟುಕೊಳ್ಳಿ. ಅದರಲ್ಲಿ ಸರಾಗ ಓಡಿದ್ದು ಎಲ್ಲೆಡೆ ಓಡುತ್ತದೆ.

ಭಾಷೆ ಯಾವುದು ಅನ್ನುವುದರ ಮೇಲೆ ಚಹಾ ಅಂಗಡಿಯಲ್ಲಿ ದಿನಗಟ್ಟಲೆ ವಾದ ಮಾಡಬಹುದು, ಮಾಡಬೇಡಿ. ಮ್ಯಾಕ್ ಇಲ್ಲದಿದ್ದರೆ ಐಫೋನ್ ದಾರಿ ಸದ್ಯಕ್ಕೆ ಮುಚ್ಚಿದೆ: ಆಪಲ್ ಡೆವಲಪರ್ ಸದಸ್ಯತ್ವಕ್ಕೆ ವರ್ಷಕ್ಕೆ 99 ಡಾಲರ್, ಜೊತೆಗೆ ಮ್ಯಾಕ್ ಖರ್ಚು. ಉಳಿದದ್ದು ಎರಡು. ಒಂದು, ಕೋಟ್ಲಿನ್ ಭಾಷೆ ಮತ್ತು ಅದರಲ್ಲಿ ಪರದೆ ಕಟ್ಟುವ ಜೆಟ್‌ಪ್ಯಾಕ್ ಕಂಪೋಸ್. ಗೂಗಲ್ 2019ರಲ್ಲೇ ಆಂಡ್ರಾಯ್ಡ್‌ಗೆ ಕೋಟ್ಲಿನ್ ಮೊದಲು ಎಂದು ಘೋಷಿಸಿತು, ಕಂಪೋಸ್ 2021ರಲ್ಲಿ ಸ್ಥಿರ ಆವೃತ್ತಿಗೆ ಬಂತು. ಇನ್ನೊಂದು, ಡಾರ್ಟ್ ಭಾಷೆಯ ಫ್ಲಟರ್. ಊರಿನಲ್ಲೇ ಇದ್ದು ಅಂಗಡಿ, ಶಾಲೆ, ಆಸ್ಪತ್ರೆಗಳಿಗೆ ಆಪ್ ಮಾಡಿಕೊಡುವ ಯೋಚನೆ ಇದ್ದವರಿಗೆ ಫ್ಲಟರ್ ಅನುಕೂಲ, ಒಂದೇ ಕೋಡಿನಲ್ಲಿ ಎರಡೂ ಫೋನ್ ಮುಗಿಯುತ್ತದೆ. ಐಫೋನ್ ಬಿಲ್ಡ್‌ಗೆ ಆಗಲೂ ಮ್ಯಾಕ್ ಬೇಕು, ಬಾಡಿಗೆಯ ಕ್ಲೌಡ್ ಮ್ಯಾಕ್ ಆದರೂ ಸರಿ. ಕಂಪನಿ ಸೇರುವ ಗುರಿ ಇದ್ದರೆ ಕೋಟ್ಲಿನ್ ಹಿಡಿಯಿರಿ, ಫೋನ್ ಒಳಗೆ ನಿಜಕ್ಕೂ ಏನು ನಡೆಯುತ್ತದೆ ಅನ್ನುವುದು ಅದರಲ್ಲೇ ಚೆನ್ನಾಗಿ ತಿಳಿಯುತ್ತದೆ. ಏನೇ ಹಿಡಿದರೂ ಒಂದು ವರ್ಷ ಬಿಡಬೇಡಿ. ರೆಸ್ಯೂಮೆಯಲ್ಲಿ ಎರಡನ್ನೂ ಬರೆದುಕೊಂಡು ಒಂದರಲ್ಲೂ ಮೂರನೇ ಪ್ರಶ್ನೆ ದಾಟದವರನ್ನು ಸಂದರ್ಶಕರು ದಿನಾ ನೋಡುತ್ತಾರೆ.

ಮೊದಲ ತಿಂಗಳು ಭಾಷೆಗೆ, ಮುಂದಿನ ಒಂದೂವರೆ ತಿಂಗಳು ಪರದೆಗಳಿಗೆ ಮತ್ತು ಫೋನಿನಲ್ಲೇ ಮಾಹಿತಿ ಉಳಿಸುವ ರೂಮ್ ಡೇಟಾಬೇಸ್‌ಗೆ, ಆಮೇಲೆ ನೆಟ್‌ವರ್ಕ್‌ಗೆ. ಇನ್ನೂ ಕಲಿತಿಲ್ಲ ಅಂತ ಕಾಯುತ್ತ ಕೂರದೆ ಎರಡನೇ ತಿಂಗಳಿಗೇ ಆಪ್ ಶುರು ಮಾಡಿ.

ಏನು ಮಾಡಬೇಕು: ಮಂಡಕ್ಕಿ ಭಟ್ಟಿಯ ಉದ್ರಿ ಪುಸ್ತಕ

ಹವಾಮಾನದ ಆಪ್, ಟು-ಡು ಪಟ್ಟಿ, ಸಿನಿಮಾ ಪಟ್ಟಿ ಇವು ಮೂರೂ ಬೇಡ. ಯೂಟ್ಯೂಬ್ ನೋಡಿದ ಎಲ್ಲರ ಹತ್ತಿರವೂ ಇವೆ. ನಮ್ಮೂರಿನಲ್ಲೇ ಸುತ್ತ ನೋಡಿ. ಮಂಡಕ್ಕಿ ಭಟ್ಟಿಯಿಂದ ದಿನಾ ಅಂಗಡಿಗಳಿಗೆ ಚೀಲಗಟ್ಟಲೆ ಮಂಡಕ್ಕಿ ಹೋಗುತ್ತದೆ, ಅರ್ಧ ದುಡ್ಡು ಕೈಗೆ, ಇನ್ನರ್ಧ ಉದ್ರಿ. ಲೆಕ್ಕ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ. ಎಪಿಎಂಸಿಯ ಮೆಕ್ಕೆಜೋಳದ ದಲ್ಲಾಳಿ ಅಂಗಡಿ, ಚನ್ನಗಿರಿ ಕಡೆಯ ಅಡಿಕೆ ಚೇಣಿ (ಫಸಲಿನ ಗುತ್ತಿಗೆ), ಚಳ್ಳಕೆರೆಯ ಎಣ್ಣೆ ಮಿಲ್ಲು, ಎಲ್ಲೆಡೆ ಇಂಥದ್ದೇ ನೋಟ್‌ಬುಕ್ ಇದೆ. ಒಬ್ಬರನ್ನು ಹಿಡಿಯಿರಿ. ಎರಡು ದಿನ ಗಲ್ಲಾಪೆಟ್ಟಿಗೆ ಪಕ್ಕ ಕೂತು ಆ ಪುಸ್ತಕದಲ್ಲಿ ಏನೇನು ಬರೆಯುತ್ತಾರೆ, ಏನನ್ನು ಹೊಡೆದು ಹಾಕುತ್ತಾರೆ ಅಂತ ಸುಮ್ಮನೆ ನೋಡಿ. ‘ಏನು ಬೇಕು ಹೇಳಿ’ ಅಂತ ಕೇಳಿದರೆ ಏನೂ ಹೇಳುವುದಿಲ್ಲ.

ಮೂರೇ ಕೋಷ್ಟಕ ಸಾಕು: ಗಿರಾಕಿ, ಕೊಟ್ಟ ಮಾಲು, ಬಂದ ಹಣ. ಬಾಕಿಗೆ ಬೇರೆ ಕಾಲಂ ಇಡಬೇಡಿ. ಬಾಕಿಯನ್ನು ಪ್ರತಿ ಸಲ ಕೂಡಿಸಿ ಕಳೆದೇ ತೋರಿಸಬೇಕು. ಯಾಕೆಂದರೆ ಹೋದ ಸೋಮವಾರದ 5 ಚೀಲವನ್ನು 4 ಅಂತ ತಿದ್ದಿದಾಗ ಬರೆದಿಟ್ಟ ಬಾಕಿ ತಿದ್ದುವುದು ಮರೆತೇ ಮರೆಯುತ್ತದೆ, ಆಮೇಲೆ ಪುಸ್ತಕಕ್ಕೂ ಆಪ್‌ಗೂ ತಾಳೆಯಾಗದೆ ಜಗಳ. ಚೀಲದ ದರವನ್ನು ಪ್ರತಿ ನಮೂದಿನ ಜೊತೆಯಲ್ಲೇ ಉಳಿಸಿ. ದರವನ್ನು ಒಂದೇ ಕಡೆ ಇಟ್ಟು ಅದನ್ನು ಗುಣಿಸಿದರೆ ನಾಳೆ ದರ ಏರಿದ ಕೂಡಲೇ ಹೋದ ತಿಂಗಳ ಬಿಲ್ಲೂ ಏರುತ್ತದೆ. ದಿನಾಂಕ ಎರಡು ಬೇಕು: ಮಾಲು ಹೋದ ದಿನ ಒಂದು, ನಮೂದು ಬರೆದ ಹೊತ್ತು ಒಂದು. ರಾತ್ರಿ ಹೋದ ಮಾಲನ್ನು ಬೆಳಿಗ್ಗೆ ಬರೆಯುವುದೇ ಭಟ್ಟಿಯ ಪದ್ಧತಿ. ನಮೂದು ಅಳಿಸುವ ಗುಂಡಿ ಕೊಟ್ಟರೂ ಒಳಗೆ ನಿಜವಾಗಿ ಅಳಿಸಬೇಡಿ, ‘ರದ್ದು’ ಅಂತ ಗುರುತು ಮಾತ್ರ ಹಾಕಿ.

ಹಣವನ್ನು ದಶಮಾಂಶದ ಫ್ಲೋಟ್‌ನಲ್ಲಿ ಇಡುವುದು ಹೊಸಬರ ಮೊದಲ ತಪ್ಪು. 0.1ಕ್ಕೆ 0.2 ಕೂಡಿಸಿದರೆ ಯಂತ್ರಕ್ಕೆ ನಿಖರವಾಗಿ 0.3 ಸಿಗುವುದಿಲ್ಲ, ಸಾವಿರ ನಮೂದಾದ ಮೇಲೆ ಪೈಸೆ ಪೈಸೆ ಸೇರಿ ಲೆಕ್ಕ ಜಾರುತ್ತದೆ. ಎಲ್ಲವನ್ನೂ ಪೈಸೆಯಲ್ಲಿ, ಪೂರ್ಣ ಸಂಖ್ಯೆಯಾಗಿ, ಲಾಂಗ್ ಬಗೆಯಲ್ಲಿ ಇಡಿ. ತೋರಿಸುವಾಗ ಮಾತ್ರ ರೂಪಾಯಿ. ತೋರಿಸುವುದಕ್ಕೂ ಭಾರತದ ಲೊಕೇಲ್ (ಭಾಷೆ, ದೇಶದ ಗುರುತು) ಕೊಟ್ಟ ನಂಬರ್ ಫಾರ್ಮ್ಯಾಟ್ ಬಳಸಿ, ಇಲ್ಲದಿದ್ದರೆ 1,25,000 ಆಗಬೇಕಾದದ್ದು 125,000 ಆಗಿ ಕೂರುತ್ತದೆ. ಮಾಲೀಕರು ಅದನ್ನು ಎರಡು ಸಲ ಓದಬೇಕಾಗುತ್ತದೆ.

ಈಗ ಎಲ್ಲರೂ ಒಮ್ಮೆ ಮುಗ್ಗರಿಸುವ ಜಾಗ. ಮಾಲೀಕರು ಗಿರಾಕಿ ಹೆಸರು ಆರಿಸಿ, 12 ಚೀಲ ಅಂತ ಬರೆದು, ದರ ಹಾಕುತ್ತಿರುವಾಗ ಫೋನ್ ಕರೆ ಬರುತ್ತದೆ. ಮಾತು ಮುಗಿಸಿ, ವಾಟ್ಸಾಪ್ ನೋಡಿ, ಒಂದು ಫೋಟೋ ತೆಗೆದು ವಾಪಸ್ ಬರುವಷ್ಟರಲ್ಲಿ ಫಾರಂ ಖಾಲಿ. ಕಡಿಮೆ ಮೆಮೊರಿಯ ಫೋನ್ ಹಿನ್ನೆಲೆಯಲ್ಲಿದ್ದ ನಿಮ್ಮ ಆಪ್‌ನ ಪ್ರೊಸೆಸ್ಸನ್ನೇ ಕೊಂದಿರುತ್ತದೆ. ಫೋನ್ ಅಡ್ಡ ತಿರುಗಿಸಿದಾಗ ಪರದೆಯ ಮಾಹಿತಿ ಹಿಡಿದಿಡುವ ವ್ಯೂಮಾಡೆಲ್ ಕಾಪಾಡುತ್ತದೆ, ಆದರೆ ಪ್ರೊಸೆಸ್ ಸತ್ತಾಗ ಅದೂ ಸಾಯುತ್ತದೆ. ಟೈಪ್ ಮಾಡಿದ್ದನ್ನು ರಿಮೆಂಬರ್ ಸೇವಬಲ್ ಅಥವಾ ಸೇವ್ಡ್ ಸ್ಟೇಟ್ ಹ್ಯಾಂಡಲ್‌ನಲ್ಲಿ ಇಟ್ಟರೆ ಮಾತ್ರ ಉಳಿಯುತ್ತದೆ. ಪರೀಕ್ಷೆ ಮಾಡುವುದು ಸುಲಭ: ಆಪ್‌ನಿಂದ ಹೋಮ್ ಪರದೆಗೆ ಬನ್ನಿ, ಲ್ಯಾಪ್‌ಟಾಪಿನಿಂದ ಫೋನಿಗೆ ಆಜ್ಞೆ ಕೊಡುವ ಎಡಿಬಿ ಮೂಲಕ ಪ್ರೊಸೆಸ್ ಕೊಲ್ಲಿ, ಇತ್ತೀಚಿನ ಆಪ್‌ಗಳ ಪಟ್ಟಿಯಿಂದ ಮತ್ತೆ ತೆರೆಯಿರಿ. 12 ಚೀಲ ಅಲ್ಲೇ ಇದೆಯೇ? ಇದ್ದರೆ ಸಂದರ್ಶನದ ಒಂದು ಪ್ರಶ್ನೆಗೂ ಉತ್ತರ ಸಿದ್ಧವಾಯಿತು.

ಇದಕ್ಕಿಂತ ದೊಡ್ಡ ಅನಾಹುತ ಎರಡನೇ ಅಪ್‌ಡೇಟ್‌ನಲ್ಲಿ ಕಾದಿರುತ್ತದೆ. ಗಿರಾಕಿಗೆ ‘ಊರು’ ಅನ್ನುವ ಹೊಸ ಕಾಲಂ ಸೇರಿಸುತ್ತೀರಿ, ನಿಮ್ಮ ಫೋನಿನಲ್ಲಿ ಅಳಿಸಿ ಹೊಸದಾಗಿ ಹಾಕಿದಾಗ ಸರಿಯಾಗೇ ಓಡುತ್ತದೆ. ಮಾಲೀಕರ ಫೋನಿನಲ್ಲಿ ಹಳೆಯ ಡೇಟಾಬೇಸ್ ಮೇಲೆ ಹೊಸ ಆಪ್ ಕೂತು ತೆರೆದ ಕೂಡಲೇ ಕ್ರ್ಯಾಶ್. ಅಂತರ್ಜಾಲದಲ್ಲಿ ಹುಡುಕಿದರೆ ‘ಡಿಸ್ಟ್ರಕ್ಟಿವ್ ಮೈಗ್ರೇಶನ್’ ಹಾಕಿ ಅನ್ನುವ ಒಂದು ಸಾಲಿನ ಉತ್ತರ ಸಿಗುತ್ತದೆ. ಹಾಕಿದರೆ ಕ್ರ್ಯಾಶ್ ನಿಲ್ಲುತ್ತದೆ, ನಿಜ. ಮೂರು ತಿಂಗಳ ಉದ್ರಿಯೂ ಗುಡಿಸಿ ಹೋಗುತ್ತದೆ. ಆ ಸಾಲು ಬಿಡುಗಡೆಯ ಕೋಡಿನಲ್ಲಿ ಎಂದೂ ಇರಬಾರದು. ಡೇಟಾಬೇಸ್ ಆವೃತ್ತಿ ಏರಿಸಿ, 1ರಿಂದ 2ಕ್ಕೆ ಹೋಗುವ ಮೈಗ್ರೇಶನ್ (ಹಳೆಯ ಮಾಹಿತಿಯನ್ನು ಹೊಸ ರೂಪಕ್ಕೆ ತರುವ ಕೋಡ್) ಬರೆದು, ಕೋಷ್ಟಕಗಳ ರಚನೆ ಇರುವ ಸ್ಕೀಮಾ ಕಡತವನ್ನು ಕೋಡಿನ ಇತಿಹಾಸ ಇಡುವ ಗಿಟ್‌ನಲ್ಲಿ ಉಳಿಸಿ. ಬಿಡುಗಡೆಗೆ ಮೊದಲು ಹಳೆಯ ಆವೃತ್ತಿ ಹಾಕಿ, ಹತ್ತು ನಮೂದು ತುಂಬಿ, ಅಳಿಸದೆ ಅದರ ಮೇಲೇ ಹೊಸದನ್ನು ಹಾಕಿ ನೋಡಿ.

ಡೇಟಾ ಹೊರಗೆ ತೆಗೆಯುವ ದಾರಿಯನ್ನೂ ಮೊದಲ ಆವೃತ್ತಿಯಲ್ಲೇ ಕೊಡಿ. ಆಂಡ್ರಾಯ್ಡ್ ತಾನಾಗಿ ಮಾಡುವ ಬ್ಯಾಕಪ್‌ಗೆ ಆಪ್ ಒಂದಕ್ಕೆ 25 ಎಂಬಿ ಮಿತಿ, ಅದು ಯಾವಾಗ ನಡೆಯುತ್ತದೆ ಅನ್ನುವುದೂ ನಿಮ್ಮ ಕೈಯಲ್ಲಿಲ್ಲ. ಎಕ್ಸೆಲ್‌ನಲ್ಲಿ ತೆರೆಯುವ ಸಿಎಸ್‌ವಿ ಕಡತವಾಗಿ ಉಳಿಸಿ ವಾಟ್ಸಾಪ್‌ನಲ್ಲಿ ಕಳಿಸುವಂತಿರಲಿ. ಕಡತದ ಆರಂಭದಲ್ಲಿ ಯುಟಿಎಫ್-8ರ ಬಾಮ್ ಗುರುತು ಹಾಕದಿದ್ದರೆ ಎಕ್ಸೆಲ್‌ನಲ್ಲಿ ‘ಬಸವರಾಜ’ ಅನ್ನುವ ಹೆಸರು ಚಿತ್ರಲಿಪಿಯಾಗಿ ತೆರೆಯುತ್ತದೆ.

ಕನ್ನಡ ಪರದೆಯಲ್ಲಿ ಕೆಡುವುದು

ಪಠ್ಯವನ್ನೆಲ್ಲ ಸ್ಟ್ರಿಂಗ್ಸ್ ಕಡತದಲ್ಲಿಡಿ, ಕನ್ನಡಕ್ಕೆ ಬೇರೆ ಫೋಲ್ಡರ್ ಮಾಡಿ. ಸಾಲಿನ ಎತ್ತರವನ್ನು ಇಂಗ್ಲಿಷ್ ನೋಡಿ ನಿಗದಿ ಮಾಡಿದರೆ ‘ಸ್ತ್ರೀಶಕ್ತಿ ಸಂಘ’ದ ಒತ್ತಕ್ಷರದ ಬುಡ ಕತ್ತರಿಸಿ ಹೋಗುತ್ತದೆ. ಸಾಲಿನೆತ್ತರ ಅಕ್ಷರದ ಅಳತೆಯ ಒಂದೂವರೆ ಪಟ್ಟು ಇರಲಿ, ಗುಂಡಿಗಳಿಗೆ ನಿಗದಿತ ಎತ್ತರ ಕೊಡದೆ ಒಳಗಿನ ಪಠ್ಯಕ್ಕೆ ತಕ್ಕಂತೆ ಹಿಗ್ಗಲು ಬಿಡಿ. ಫೋನ್ ಸೆಟ್ಟಿಂಗ್‌ನಲ್ಲಿ ಅಕ್ಷರವನ್ನು ಅತಿ ದೊಡ್ಡದು ಮಾಡಿ ಒಮ್ಮೆ ಎಲ್ಲ ಪರದೆ ನೋಡಿ. ಐವತ್ತು ದಾಟಿದ ಮಾಲೀಕರ ಫೋನ್ ಹಾಗೇ ಇರುತ್ತದೆ.

ಬಹುವಚನದಲ್ಲೊಂದು ಹಳ್ಳವಿದೆ, ಬೀಳುವವರೇ ಹೆಚ್ಚು. ಆಂಡ್ರಾಯ್ಡ್‌ನ ನಿಯಮದ ಪ್ರಕಾರ ಕನ್ನಡಕ್ಕೆ ‘ಒನ್’, ‘ಅದರ್’ ಎಂಬ ಎರಡು ಖಾನೆ. ‘ಒನ್’ ಖಾನೆಗೆ 1 ಮಾತ್ರವಲ್ಲ, 0 ಕೂಡ ಸೇರುತ್ತದೆ. ಅಲ್ಲಿ ನೀವು ‘ಒಂದು ಚೀಲ’ ಅಂತ ಅಕ್ಷರದಲ್ಲಿ ಬರೆದಿಟ್ಟರೆ ಏನೂ ಕೊಡದ ದಿನವೂ ಆಪ್ ‘ಒಂದು ಚೀಲ’ ಅನ್ನುತ್ತದೆ. ಎರಡೂ ಖಾನೆಯಲ್ಲಿ ಅಂಕಿಯೇ ಬರುವಂತೆ ಬರೆಯಿರಿ.

‘ಸ್ತ್ರೀ’ ಕಣ್ಣಿಗೆ ಒಂದಕ್ಷರ, ಕೋಟ್ಲಿನ್‌ಗೆ 6. ಹೆಸರಿನ ಮೊದಲಕ್ಷರವನ್ನು ವೃತ್ತದಲ್ಲಿ ತೋರಿಸಲು ಮೊದಲ ಒಂದನ್ನು ಮಾತ್ರ ಕತ್ತರಿಸಿದರೆ ‘ಶ್ರೀನಿವಾಸ’ ಬರೀ ‘ಶ’ ಆಗುತ್ತಾನೆ. ಬ್ರೇಕ್ ಇಟರೇಟರ್ ಬಳಸಿ ಅಕ್ಷರ ಗಡಿ ಹುಡುಕಿ, ಸಿಕ್ಕ ತುಂಡು ‘್’ ಗುರುತಿನಲ್ಲಿ ಮುಗಿದರೆ ಮುಂದಿನ ತುಂಡನ್ನೂ ಜೊತೆಗೆ ಸೇರಿಸಿ. ಹುಡುಕಾಟದಲ್ಲಿ ಹೆಸರು ಸಿಗುತ್ತಿಲ್ಲ ಅಂದರೆ ಎರಡೂ ಪಠ್ಯವನ್ನು ಎನ್‌ಎಫ್‌ಸಿ (ಒಂದು ಅಕ್ಷರವನ್ನು ಒಂದೇ ಬಗೆಯಲ್ಲಿ ಬರೆಯುವ ಯುನಿಕೋಡ್) ರೂಪಕ್ಕೆ ತಂದು ಹೋಲಿಸಿ. ಕೆಲವು ಕೀಬೋರ್ಡುಗಳು ನಡುವೆ ಕಾಣದ ಜೋಡಕಗಳನ್ನು ಸೇರಿಸುತ್ತವೆ, ಅವನ್ನೂ ತೆಗೆಯಿರಿ. ಹಳೆಯ ಗಿರಾಕಿ ಪಟ್ಟಿ ಕಂಪ್ಯೂಟರಿನಲ್ಲಿ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿದ್ದರೆ ಅದು ಯುನಿಕೋಡ್ ಅಲ್ಲ, ಮೊದಲು ಪರಿವರ್ತಿಸಿಕೊಂಡೇ ಆಪ್‌ಗೆ ಹಾಕಬೇಕು.

ಅನುಮತಿ ಕೇಳುವುದರಲ್ಲಿ ಜಿಪುಣರಾಗಿ. ಬಾಕಿ ನೆನಪಿಸಲು ಎಸ್‌ಎಂಎಸ್ ಅನುಮತಿ ಕೇಳಿದರೆ ಪ್ಲೇ ಸ್ಟೋರ್ ಬಹುತೇಕ ತಿರಸ್ಕರಿಸುತ್ತದೆ. ಸಂದೇಶವನ್ನು ತುಂಬಿಸಿ ಮೆಸೇಜ್ ಆಪ್ ಅಥವಾ ವಾಟ್ಸಾಪ್ ತೆರೆದರೆ ಸಾಕು, ಕಳಿಸುವ ಗುಂಡಿಯನ್ನು ಮಾಲೀಕರೇ ಒತ್ತಲಿ. ಅದಕ್ಕೆ ಯಾವ ಅನುಮತಿಯೂ ಬೇಡ. ಗಿರಾಕಿಯ ನಂಬರ್ ಆರಿಸಲು ಫೋನಿನ ಕಾಂಟ್ಯಾಕ್ಟ್ ಪಿಕರ್ ಇದೆ, ಅದಕ್ಕೂ ಬೇಡ.

ಪ್ಲೇ ಸ್ಟೋರ್ ದಾಟುವುದು

ಡೆವಲಪರ್ ಖಾತೆಗೆ ಒಂದೇ ಸಲ 25 ಡಾಲರ್. ರುಪೇ ಕಾರ್ಡ್, ಪ್ರೀಪೇಯ್ಡ್ ಕಾರ್ಡ್ ನಡೆಯುವುದಿಲ್ಲ. ಅಂತರರಾಷ್ಟ್ರೀಯ ವಹಿವಾಟು ಆನ್ ಮಾಡಿದ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಬೇಕು. ಗುರುತಿನ ಚೀಟಿಯಲ್ಲಿರುವ ಹೆಸರು, ವಿಳಾಸ ಹೇಗಿದೆಯೋ ಹಾಗೇ ತುಂಬಿ, ತಂದೆಯ ಹೆಸರಿನ ಇನಿಶಿಯಲ್ ಹಿಂದೆಮುಂದೆ ಆದರೂ ಪರಿಶೀಲನೆ ಸಿಕ್ಕಿಕೊಳ್ಳಬಹುದು. ಆಪ್‌ನಲ್ಲಿ ಹಣ ಸಂಪಾದಿಸುವ ವ್ಯವಸ್ಥೆ ಇಟ್ಟರೆ ನಿಮ್ಮ ಪೂರ್ಣ ವಿಳಾಸ ಎಲ್ಲರಿಗೂ ಕಾಣುತ್ತದೆ ಅನ್ನುವುದು ಗೊತ್ತಿರಲಿ.

2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಒಂದು ಕಟ್ಟಳೆಯಿದೆ: ಆಪ್ ಎಲ್ಲರಿಗೂ ಬಿಡುವ ಮೊದಲು ಕನಿಷ್ಠ 12 ಜನ, ಸತತ 14 ದಿನ, ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿ (ಆಯ್ದ ಜನರಿಗೆ ಮಾತ್ರ ಆಪ್ ಕೊಟ್ಟು ಪರೀಕ್ಷಿಸುವುದು) ಇರಬೇಕು. ಮೊದಲು 20 ಜನ ಬೇಕಿತ್ತು, 2024ರ ಡಿಸೆಂಬರ್‌ನಲ್ಲಿ 12ಕ್ಕೆ ಇಳಿಸಿದರು. ಹನ್ನೆರಡೇ ಜನರನ್ನು ಸೇರಿಸಿದರೆ ಒಬ್ಬರು ಮಧ್ಯದಲ್ಲಿ ಬಿಟ್ಟರೂ ಸಂಖ್ಯೆ ಮುರಿಯುತ್ತದೆ, 18ರಿಂದ 20 ಜನ ಇರಲಿ. ಹೆಚ್ಚಿನವರು ಎಡವುವುದು ಜಿಮೇಲ್ ವಿಳಾಸದಲ್ಲಿ. ‘ನಿಮ್ಮ ಮೇಲ್ ಐಡಿ ಕೊಡಿ ಕಾಕಾ’ ಅಂದರೆ ಮಗ ಮಾಡಿಕೊಟ್ಟ ಯಾವುದೋ ಐಡಿ ಹೇಳುತ್ತಾರೆ, ಫೋನಿನ ಪ್ಲೇ ಸ್ಟೋರ್‌ನಲ್ಲಿ ಇರುವುದೇ ಬೇರೆ. ಅವರ ಫೋನ್ ಈಸಿಕೊಂಡು, ಪ್ಲೇ ಸ್ಟೋರ್ ತೆರೆದು, ಮೇಲಿನ ಮೂಲೆಯ ಚಿತ್ರ ಒತ್ತಿ, ಅಲ್ಲಿ ಕಾಣುವ ವಿಳಾಸವನ್ನೇ ಬರೆದುಕೊಳ್ಳಿ. ಆಮೇಲೆ ಕೊಂಡಿ ತೆರೆದು ‘ಟೆಸ್ಟರ್ ಆಗು’ ಗುಂಡಿಯನ್ನೂ ನಿಮ್ಮೆದುರೇ ಒತ್ತಿಸಿ. ಪಟ್ಟಿಗೆ ಸೇರಿಸಿದ ಮಾತ್ರಕ್ಕೆ ಲೆಕ್ಕಕ್ಕೆ ಬರುವುದಿಲ್ಲ. ‘ಆಪ್ ಲಭ್ಯವಿಲ್ಲ’ ಅಂತ ಬಂದರೆ ಆ ಟ್ರ್ಯಾಕ್‌ಗೆ ಭಾರತವನ್ನು ಆರಿಸಿದ್ದೀರಾ ನೋಡಿ.

ಟೆಸ್ಟರ್‌ಗಳನ್ನು ದುಡ್ಡಿಗೆ ಒದಗಿಸುವ ಟೆಲಿಗ್ರಾಂ ಗುಂಪುಗಳ ಸಹವಾಸ ಬೇಡ. ಎರಡು ವಾರದ ನಂತರ ಅರ್ಜಿಯಲ್ಲಿ ‘ಯಾರು ಏನು ಹೇಳಿದರು, ನೀವು ಏನು ಬದಲಿಸಿದಿರಿ’ ಎಂದು ಕೇಳುತ್ತಾರೆ. ಆ 14 ದಿನದಲ್ಲಿ ಎರಡಾದರೂ ಅಪ್‌ಡೇಟ್ ಬಿಟ್ಟು, ಪ್ರತಿ ದೂರನ್ನು ದಿನಾಂಕ ಸಮೇತ ಬರೆದಿಟ್ಟುಕೊಂಡಿದ್ದರೆ ಉತ್ತರ ತಾನಾಗಿ ಸಿದ್ಧವಾಗಿರುತ್ತದೆ. ಆ ಟಿಪ್ಪಣಿಯೇ ಮುಂದೆ ಸಂದರ್ಶನಕ್ಕೂ ಬಂಡವಾಳ.

ಸ್ಟೋರ್‌ಗೆ ಕಳಿಸುವ ಕಡತ ಎಎಬಿ (ಆಂಡ್ರಾಯ್ಡ್ ಆಪ್ ಬಂಡಲ್) ರೂಪದಲ್ಲಿರಬೇಕು, 2021ರ ಆಗಸ್ಟ್‌ನಿಂದ ಹೊಸ ಆಪ್‌ಗಳಿಗೆ ಎಪಿಕೆ ನಡೆಯುವುದಿಲ್ಲ. ಸ್ಟೋರ್ ಆಪ್ ಗುರುತಿಸುವ ಪ್ಯಾಕೇಜ್ ಹೆಸರು ಒಮ್ಮೆ ಏರಿಸಿದರೆ ಬದಲಿಸಲಾಗದು, ‘ಎಕ್ಸಾಂಪಲ್’ ಇರುವ ಹೆಸರನ್ನು ಸ್ವೀಕರಿಸುವುದೂ ಇಲ್ಲ. ಪ್ರತಿ ಸಲ ವರ್ಷನ್ ಕೋಡಿನ ಅಂಕಿ ಹೆಚ್ಚಿಸಿ. ಹೆಸರಿಗೆ 30 ಅಕ್ಷರ, ಕಿರು ವಿವರಣೆಗೆ 80, ಪೂರ್ಣ ವಿವರಣೆಗೆ 4000. ಕನ್ನಡದಲ್ಲಿ ಕಾಗುಣಿತ, ಒತ್ತುಗಳೂ ಎಣಿಕೆಗೆ ಬರುವುದರಿಂದ 30 ಬೇಗ ತುಂಬುತ್ತದೆ. ಐಕಾನ್ 512ಕ್ಕೆ 512 ಪಿಕ್ಸೆಲ್, ಫೀಚರ್ ಚಿತ್ರ 1024ಕ್ಕೆ 500. ಖಾಸಗಿತನ ನೀತಿಯ ಪುಟ ಬೇಕು, ಲಾಗಿನ್ ಇದ್ದರೆ ಖಾತೆ ಅಳಿಸುವ ದಾರಿಯನ್ನು ಆಪ್ ಒಳಗೂ ಹೊರಗಿನ ಕೊಂಡಿಯಲ್ಲೂ ಕೊಡಬೇಕು. ಮೊದಲ ಆಪ್‌ಗೆ ಲಾಗಿನ್ ಇಡದಿರುವುದೇ ಜಾಣತನ.

ಆಪ್ ನಿಮ್ಮದೇ ಎಂದು ಸಹಿ ಮಾಡುವ ಕೀಸ್ಟೋರ್ ಕಡತವನ್ನು ಗಿಟ್‌ಗೆ ಏರಿಸಬೇಡಿ. ಪೆನ್‌ಡ್ರೈವ್‌ನಲ್ಲೊಂದು, ಗೂಗಲ್ ಡ್ರೈವ್‌ನಲ್ಲೊಂದು ಪ್ರತಿ ಇಡಿ, ಪಾಸ್‌ವರ್ಡ್ ಬೇರೆ ಕಡೆ. ಕಳೆದರೆ ಅಪ್‌ಲೋಡ್ ಕೀ ಬದಲಿಸಲು ಗೂಗಲ್‌ಗೆ ಕೋರಬಹುದು, ಆದರೆ ಅಷ್ಟು ದಿನ ಅಪ್‌ಡೇಟ್ ನಿಂತಿರುತ್ತದೆ.

ಇನ್ನೊಂದು: ನಿಮ್ಮ ಫೋನಿನಲ್ಲಿ ಓಡಿದ್ದು ಡೀಬಗ್ ಬಿಲ್ಡ್. ಸ್ಟೋರ್‌ಗೆ ಹೋಗುವ ಬಿಲ್ಡ್‌ನಲ್ಲಿ ಆಪ್ ಚಿಕ್ಕದಾಗಿಸುವ ಆರ್8 ಎಂಬ ಸಾಧನ ಆನ್ ಇದ್ದರೆ ಅದು ಕೋಡಿನೊಳಗಿನ ಹೆಸರುಗಳನ್ನು ಕುಗ್ಗಿಸುತ್ತದೆ. ಸರ್ವರ್‌ನಿಂದ ಬಂದ ಮಾಹಿತಿಯನ್ನು ಜಿಸನ್ ಲೈಬ್ರರಿ ಹೆಸರು ನೋಡಿ ಹೊಂದಿಸುತ್ತಿದ್ದರೆ ಬಿಡುಗಡೆಯಾದ ಆಪ್‌ನಲ್ಲಿ ಮಾತ್ರ ಎಲ್ಲ ಖಾಲಿ ಖಾಲಿ. ಹೆಸರು ಹಾಗೇ ಉಳಿಸುವ ಕೀಪ್ ನಿಯಮ ಹಾಕಿ ಅಥವಾ ಹೆಸರನ್ನು ಅನೊಟೇಶನ್‌ನಲ್ಲಿ ಬರೆಯಿರಿ, ಮತ್ತು ಇಂಟರ್ನಲ್ ಟೆಸ್ಟಿಂಗ್‌ಗೆ ಬಿಡುಗಡೆ ಬಿಲ್ಡನ್ನೇ ಹಾಕಿ ನೋಡಿ.

ಕಂಪನಿಗೆ ಅರ್ಜಿ, ಆಫರ್ ಪತ್ರದ ಲೆಕ್ಕ

ರೆಸ್ಯೂಮೆ ಒಂದೇ ಪುಟ. ಮೇಲ್ಭಾಗದಲ್ಲಿ ಪ್ಲೇ ಸ್ಟೋರ್ ಕೊಂಡಿ, ಗಿಟ್‌ಹಬ್ ಕೊಂಡಿ. ‘ಶ್ರಮಜೀವಿ, ತಂಡದಲ್ಲಿ ಬೆರೆಯುವವನು’ ಎಂಬ ಸಾಲುಗಳ ಜಾಗದಲ್ಲಿ ‘ಮೂರು ಬಾರಿ ಡೇಟಾಬೇಸ್ ಬದಲಾದರೂ ಒಂದು ನಮೂದೂ ಕಳೆದಿಲ್ಲ’ ಎಂದು ಬರೆಯಿರಿ. ಹೊಸಬರಿಗೆ ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ ತೆರ: ಫೋನ್ ತಿರುಗಿಸಿದರೆ ಏನಾಗುತ್ತದೆ, ಮುಖ್ಯ ಥ್ರೆಡ್‌ನಲ್ಲಿ ಡೇಟಾಬೇಸ್ ಓದಿದರೆ ಯಾಕೆ ತಪ್ಪು, ಕೊರೂಟಿನ್ ಯಾವ ಸ್ಕೋಪ್‌ನಲ್ಲಿ ಶುರು ಮಾಡಿದಿರಿ, ಉದ್ದದ ಪಟ್ಟಿಗೆ ಕೀ ಯಾಕೆ ಕೊಡಬೇಕು. ಪರದೆ ಒತ್ತಿದ್ದಕ್ಕೆ 5 ಸೆಕೆಂಡ್ ಉತ್ತರ ಬರದಿದ್ದರೆ ಎಎನ್‌ಆರ್ (‘ಆಪ್ ಸ್ಪಂದಿಸುತ್ತಿಲ್ಲ’ ಎಂಬ ಸೂಚನೆ) ಬರುತ್ತದೆ ಎಂಬುದನ್ನು ಎಲ್ಲರೂ ಹೇಳುತ್ತಾರೆ, ಅದರ ಟ್ರೇಸ್ ಓದಿ ಯಾವ ಸಾಲು ಅಂತ ತೋರಿಸುವವರು ಕಡಿಮೆ. ದೊಡ್ಡ ಸರ್ವಿಸ್ ಕಂಪನಿಗಳಿಗೆ ಡೇಟಾ ಸ್ಟ್ರಕ್ಚರ್ ಅಭ್ಯಾಸ ಬೇರೆ ಬೇಕು, ದಿನಕ್ಕೆ ಒಂದು ಲೆಕ್ಕ ಬಿಡಿಸಿ.

ದುಡ್ಡು ಕೇಳುವ ಕೆಲಸ ಕೆಲಸವಲ್ಲ. ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ‘ಬ್ಯಾಕ್‌ಡೋರ್’ ಹೆಸರು ಏನೇ ಇರಲಿ. ಅಂಕಪಟ್ಟಿಗಳ ಮೂಲ ಪ್ರತಿ ತೋರಿಸಿ ವಾಪಸ್ ತನ್ನಿ, ಒತ್ತೆ ಇಡಬೇಡಿ. ಬಾಂಡ್ ಇದ್ದರೆ ಎಷ್ಟು ತಿಂಗಳು, ಮಧ್ಯೆ ಬಿಟ್ಟರೆ ಎಷ್ಟು ಹಣ, ಅದು ದಿನ ಕಳೆದಂತೆ ಇಳಿಯುತ್ತದೆಯೇ ಅನ್ನುವುದನ್ನು ಸಹಿಗೆ ಮುಂಚೆ ಮೇಲ್‌ನಲ್ಲಿ ಕೇಳಿ.

ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ವರ್ಷಕ್ಕೆ 3,60,000 ಅಂದರೆ ತಿಂಗಳಿಗೆ 30,000 ಕೈಗೆ ಬರುತ್ತದೆ ಅಂತ ಮನೆಯಲ್ಲಿ ಹೇಳಿಬಿಡಬೇಡಿ. ಮೂಲ ವೇತನ 15,000 ಅಂದುಕೊಳ್ಳಿ. ಕಂಪನಿ ಕಟ್ಟುವ ಪಿಎಫ್ 12%, ಅಂದರೆ 1,800 ಆ 30,000ದ ಒಳಗೇ ಇದೆ. ಗ್ರಾಚ್ಯುಟಿ ಎಂದು ಮೂಲ ವೇತನದ 4.81%, ಸುಮಾರು 721 ಕೂಡ ಅದರಲ್ಲೇ. ‘ವೇರಿಯಬಲ್’ ಎಂದು 10% ಇಟ್ಟಿದ್ದರೆ ಇನ್ನೊಂದು 3,000 ತಿಂಗಳಿಗೆ ಬರುವುದಿಲ್ಲ. ಉಳಿದದ್ದು 24,479. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800 ಹೋಗಿ ಕೈಗೆ 22,679. ಕರ್ನಾಟಕದಲ್ಲಿ 25,000ಕ್ಕಿಂತ ಕಡಿಮೆ ವೇತನಕ್ಕೆ ವೃತ್ತಿ ತೆರಿಗೆ ಇಲ್ಲ, ದಾಟಿದರೆ ತಿಂಗಳಿಗೆ 200, ಫೆಬ್ರವರಿಯಲ್ಲಿ 300. ಈ ಲೆಕ್ಕ ಮಾಡಿಕೊಂಡೇ ಪಿಜಿ ಆರಿಸಿ.

ಊರಿನಲ್ಲೇ ಗುತ್ತಿಗೆ ಕೆಲಸ ಮಾಡುವವರಿಗೆ

ಭಟ್ಟಿಯ ಆಪ್ ನೋಡಿದ ಇನ್ನೊಬ್ಬರು ‘ನಮಗೂ ಒಂದು ಮಾಡಿಕೊಡಪ್ಪ’ ಅನ್ನುತ್ತಾರೆ. ಎಷ್ಟು ಅಂದಾಗ ಬಾಯಿಗೆ ಬಂದ ಸಂಖ್ಯೆ ಹೇಳಬೇಡಿ. ಪರದೆಗಳನ್ನು ಕಾಗದದ ಮೇಲೆ ಬರೆದು, ಪ್ರತಿ ಪರದೆಗೆ ಎಷ್ಟು ಗಂಟೆ ಅಂತ ಎಣಿಸಿ, ಬಂದದ್ದನ್ನು ಒಂದೂವರೆಯಿಂದ ಗುಣಿಸಿ. ಆರು ಪರದೆಯ ಲೆಕ್ಕದ ಆಪ್ ಹೊಸಬರಿಗೆ 120 ಗಂಟೆ ನುಂಗುತ್ತದೆ. ಹಣ ಮೂರು ಕಂತು: ಶುರುವಿಗೆ 40%, ಟೆಸ್ಟಿಂಗ್‌ಗೆ ಕೊಟ್ಟಾಗ 30%, ಸ್ಟೋರ್‌ಗೆ ಬಂದಾಗ 30%. ಎರಡು ಪುಟದ ಬರಹದಲ್ಲಿ ಪರದೆಗಳ ಪಟ್ಟಿ ಇರಲಿ. ‘ಅದೊಂದು ಸಣ್ಣ ಬದಲಾವಣೆ’ ಅನ್ನುವ ಮಾತಿಗೆ ಆ ಪಟ್ಟಿಯೇ ಉತ್ತರ. ಸೇವೆಗಳ ಜಿಎಸ್‌ಟಿ ನೋಂದಣಿ ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಬೇಕಿಲ್ಲ. ಗಿರಾಕಿ ಹಣ ಕೊಡುವಾಗಲೇ ಟಿಡಿಎಸ್ ಎಂದು ತೆರಿಗೆ ಹಿಡಿದಿದ್ದರೆ ರಿಟರ್ನ್ ಸಲ್ಲಿಸಿ, ಹೆಚ್ಚಾದದ್ದು ವಾಪಸ್ ಬರುತ್ತದೆ.

ಪ್ಲೇ ಖಾತೆ ಗಿರಾಕಿಯ ಸಂಸ್ಥೆಯ ಹೆಸರಿನಲ್ಲೇ ಇರಲಿ. ಸಂಸ್ಥೆ ಖಾತೆಗೆ ಡನ್ಸ್ ನಂಬರ್ (ಸಂಸ್ಥೆಗಳಿಗೆ ಕೊಡುವ ಗುರುತಿನ ಸಂಖ್ಯೆ) ಬೇಕು, ಅದು ಉಚಿತ, ಆದರೆ ಕೈಗೆ ಬರಲು ವಾರಗಳೇ ಹಿಡಿಯಬಹುದು. ಹಾಗಾಗಿ ಮೊದಲ ದಿನವೇ ಅರ್ಜಿ ಹಾಕಿಸಿ. ಸಂಸ್ಥೆ ಖಾತೆಗೆ ಆ 12 ಜನ, 14 ದಿನದ ಕಟ್ಟಳೆಯೂ ಇಲ್ಲ.

ಬೆಣ್ಣೆದೋಸೆ ಹೋಟೆಲಿನ ಆರ್ಡರ್ ಆಪ್ ಆದರೆ ಗೂಗಲ್ ಪ್ಲೇಯ ಪಾವತಿ ವ್ಯವಸ್ಥೆಯಾದ ಪ್ಲೇ ಬಿಲ್ಲಿಂಗ್ ಬೇಡ, ತಿನ್ನುವ ಪದಾರ್ಥಕ್ಕೆ ಅದು ಅನ್ವಯಿಸುವುದಿಲ್ಲ. ಯುಪಿಐ ಆಪ್ ತೆರೆದು ಅದು ವಾಪಸ್ ಕೊಡುವ ‘ಯಶಸ್ವಿ’ ಎಂಬ ಉತ್ತರವನ್ನು ಮಾತ್ರ ನಂಬಿ ಆರ್ಡರ್ ಖಚಿತ ಮಾಡಬೇಡಿ. ಫೋನಿನಿಂದ ಬರುವ ಉತ್ತರವನ್ನು ನಕಲಿ ಮಾಡಬಹುದು. ಪೇಮೆಂಟ್ ಗೇಟ್‌ವೇ ನಿಮ್ಮ ಸರ್ವರ್‌ಗೆ ಖಚಿತಪಡಿಸಿದ ಮೇಲೆಯೇ ಅಡುಗೆಮನೆಗೆ ಚೀಟಿ ಹೋಗಬೇಕು.

ವಾರ್ಷಿಕ ನಿರ್ವಹಣೆಯ ಹಣವನ್ನು ಒಪ್ಪಂದದಲ್ಲೇ ಬರೆಯಿರಿ, ಏಕೆಂದರೆ ಸುಮ್ಮನೆ ಬಿಟ್ಟ ಆಪ್ ತಾನಾಗಿ ಹಳತಾಗುತ್ತದೆ. 2025ರ ಆಗಸ್ಟ್ 31ರಿಂದ ಹೊಸ ಆಪ್‌ಗಳೂ ಅಪ್‌ಡೇಟ್‌ಗಳೂ ಆಂಡ್ರಾಯ್ಡ್ 15, ಅಂದರೆ ಎಪಿಐ 35ನ್ನು ಗುರಿಯಾಗಿಸಬೇಕಾಯಿತು. ಒಂದು ಅಂಕಿ ಬದಲಿಸಿದರೆ ಮುಗಿಯಿತು ಅಂದುಕೊಂಡವರ ಆಪ್‌ನಲ್ಲಿ ಪರದೆ ಅಂಚಿನಿಂದ ಅಂಚಿಗೆ ಹರಡಿಕೊಂಡಿತು. ತಲೆಬರಹ ಗಡಿಯಾರದ ಅಡಿಗೆ, ಕೆಳಗಿನ ‘ಉಳಿಸು’ ಗುಂಡಿ ಫೋನಿನ ಮೂರು ಗುಂಡಿಗಳ ಅಡಿಗೆ. ಒತ್ತಿದರೆ ಆಪ್ ಮುಚ್ಚುತ್ತಿತ್ತು. ವಿಂಡೋ ಇನ್‌ಸೆಟ್ ಪ್ಯಾಡಿಂಗ್ (ಅಂಚುಗಳಲ್ಲಿ ಬಿಡುವ ಜಾಗ) ಹಾಕಿದರೆ ಅದು ಸರಿಹೋಗುತ್ತದೆ. ಪ್ರತಿ ವರ್ಷ ಜೂನ್‌ನಲ್ಲೇ ಹೊಸ ಎಪಿಐಗೆ ಬಿಲ್ಡ್ ಮಾಡಿ ಎಲ್ಲ ಪರದೆ ಒತ್ತಿ ನೋಡಿ. ಗಣಪತಿ ಕೂರಿಸುವ ಹೊತ್ತಿಗೆ ಶುರು ಮಾಡಿದರೆ ಗಡುವು ತಲೆ ಮೇಲೆ ಬಂದಿರುತ್ತದೆ, ಭಟ್ಟಿಯಲ್ಲೂ ಆಗ ಹಬ್ಬದ ವ್ಯಾಪಾರ.